ಪರಿಹಾರದ ಲೆಕ್ಕ ಸೊನ್ನೆ ಇದ್ದರೆ ಕಿವಿರಕ್ಷಣೆಯ ಕಾರ್ಯಕ್ರಮವನ್ನು ಅಳೆಯುವುದು ಹೇಗೆ?

ಸುರಕ್ಷತಾ ಅಧಿಕಾರಿ, ಪೀಣ್ಯ:
ಕಾದ ಲೋಹವನ್ನು ಬಡಿದು ರೂಪಿಸುವ ನಮ್ಮ ಫೋರ್ಜಿಂಗ್ ವಿಭಾಗದಲ್ಲಿ ಸದ್ದು 98 ಡೆಸಿಬಲ್ ಮುಟ್ಟುತ್ತದೆ. ಐದು ವರ್ಷಗಳಿಂದ ಇಯರ್‌ಪ್ಲಗ್, ತರಬೇತಿ, ವರ್ಷಕ್ಕೊಮ್ಮೆ ಆಡಿಯೋಮೆಟ್ರಿ (ಶ್ರವಣ ಪರೀಕ್ಷೆ) ನಡೆಸುತ್ತಿದ್ದೇವೆ. ಈ ಸಲದ ಬಜೆಟ್ ಸಭೆಯಲ್ಲಿ ಲೆಕ್ಕಪತ್ರ ವಿಭಾಗದವರು, "ಶ್ರವಣದೋಷಕ್ಕೆಂದು ಇದುವರೆಗೆ ಒಂದು ರೂಪಾಯಿ ಪರಿಹಾರವನ್ನೂ ಕೊಟ್ಟಿಲ್ಲ, ಹಾಗಾದರೆ ಈ ಖರ್ಚಿನಿಂದ ಉಳಿದದ್ದೇನು?" ಎಂದು ಕೇಳಿದರು. ಪರಿಹಾರದ ವೆಚ್ಚವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದೇ?

ಕಾರ್ಖಾನೆ ವೈದ್ಯ:
ಆ ಸೊನ್ನೆಯನ್ನು ನೋಡಿ ಕಾರ್ಯಕ್ರಮ ಫಲಿಸಿದೆ ಎಂದೂ ಹೇಳಲಾಗದು, ವ್ಯರ್ಥ ಎಂದೂ ಹೇಳಲಾಗದು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕರಿಗೆ ಪರಿಹಾರ ಕೊಡುವುದು ಆ ವಿಮಾ ನಿಗಮವೇ ಹೊರತು ನಿಮ್ಮ ಸಂಸ್ಥೆಯಲ್ಲ. ಹತ್ತು ಜನ ಕಿವುಡಾದರೂ, ಒಬ್ಬರೂ ಆಗದಿದ್ದರೂ ಮಾಲೀಕರು ಕಟ್ಟುವ ವಂತಿಗೆ ವೇತನದ ಶೇ. 3.25 ಮಾತ್ರ. ಅಮೆರಿಕದಲ್ಲಿ ಹಿಂದಿನ ಕ್ಲೇಮುಗಳನ್ನು ನೋಡಿ ಸಂಸ್ಥೆಯ ವಿಮಾ ಕಂತು ಏರಿಳಿಯುವ ಪದ್ಧತಿ ಇರುವುದರಿಂದ ಅಲ್ಲಿ ಈ ಲೆಕ್ಕಕ್ಕೆ ಅಷ್ಟಿಷ್ಟು ಅರ್ಥವಿದೆ. ಆದರೆ ಅಲ್ಲಿಯೂ ಒಂದು ತೊಡಕುಂಟು: ಸದ್ದಿನಿಂದಾಗುವ ಹಾನಿ ಮೊದಲು 4,000 ಹರ್ಟ್ಸ್‌ನ ಸುತ್ತಮುತ್ತಲ ತೀಕ್ಷ್ಣ ಸ್ವರಗಳಲ್ಲಿ ತೋರಿ, ಮಾತು ಕೇಳಿಸದ ಹಂತಕ್ಕೆ ಬರಲು ಎಷ್ಟೋ ವರ್ಷ ಹಿಡಿಯುವುದರಿಂದ, ಇಂದು ಕೊಡುವ ಪರಿಹಾರ ಬಹುಪಾಲು ಹಳೆಯ ಸದ್ದಿನದು. ಮೇಲಾಗಿ ಪರೀಕ್ಷೆ ಚೆನ್ನಾಗಿ ನಡೆದಷ್ಟೂ ಅಡಗಿದ್ದ ದೋಷಗಳು ಹೊರಬಂದು, ಮೊದಲ ಕೆಲವು ವರ್ಷ ಕ್ಲೇಮುಗಳು ಹೆಚ್ಚಲೂಬಹುದು. ಅದನ್ನು ಸೋಲೆಂದು ಬರೆದುಕೊಂಡರೆ ಪರೀಕ್ಷೆಯನ್ನೇ ನಿಲ್ಲಿಸುವ ಮನಸ್ಸಾದೀತು.

ಆಡಿಯಾಲಜಿಸ್ಟ್ (ಶ್ರವಣ ತಜ್ಞ):
ಅಳೆಯಬೇಕಾದದ್ದು ಕಿವಿಯನ್ನು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಂತೆ 2,000, 3,000 ಮತ್ತು 4,000 ಹರ್ಟ್ಸ್‌ಗಳಲ್ಲಿ ಮೊದಲ ಪರೀಕ್ಷೆಗಿಂತ ಕೇಳುವ ಶಕ್ತಿಯಲ್ಲಿ ಸರಾಸರಿ 10 ಡೆಸಿಬಲ್ ಕುಸಿತ ಕಂಡರೆ ಎಚ್ಚರಿಕೆಯೆಂದು ಭಾವಿಸುತ್ತಾರೆ. ಪ್ರತಿ ವರ್ಷ ನೂರರಲ್ಲಿ ಎಷ್ಟು ಜನರಿಗೆ ಹೀಗಾಯಿತು ಎಂಬುದನ್ನು ವಿಭಾಗವಾರು ಬರೆದಿಡಿ. ಮೊದಲ ಪರೀಕ್ಷೆಗೆ ಮುನ್ನ 14 ಗಂಟೆ ಕೆಲಸದ ಸದ್ದಿನಿಂದ ದೂರವಿರಬೇಕು. ನಾನು ಕಂಡ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರನ್ನು ನೇರವಾಗಿ ಕ್ಯಾಂಟೀನ್ ಪಕ್ಕದ ಕೋಣೆಗೆ ಕರೆದೊಯ್ದು, ಪಾತ್ರೆಗಳ ಸದ್ದಿನ ನಡುವೆಯೇ ಪರೀಕ್ಷಿಸುತ್ತಿದ್ದರು; ಅಂಥ ದಾಖಲೆ ಯಾವ ಹೋಲಿಕೆಗೂ ಒದಗದು.

ನಿವೃತ್ತ ಫೋರ್ಜಿಂಗ್ ಕಾರ್ಮಿಕ:
ನಾನು 26 ವರ್ಷ ಹ್ಯಾಮರ್ ಬಳಿ ನಿಂತವನು. ಈಗ ಊಟ ಬಡಿಸುವಾಗ ಮನೆಯವರು "ಸಾಕೇ" ಎಂದರೆ ನನಗೆ "ಹಾಕಲೇ" ಎಂದು ಕೇಳಿಸುತ್ತದೆ. ಹೂಂ ಎನ್ನುತ್ತೇನೆ, ಅವರು ತಪ್ಪಲೆ ಎತ್ತಿಕೊಂಡು ಹೋಗುತ್ತಾರೆ. ವಯಸ್ಸಾಯಿತೆಂದುಕೊಂಡು ಸುಮ್ಮನಿದ್ದೆ, ಪರಿಹಾರಕ್ಕೆ ಅರ್ಜಿ ಹಾಕಬಹುದೆಂದು ಯಾರೂ ಹೇಳಿರಲಿಲ್ಲ.