ಫ್ಯಾಕ್ಸೇ ಬೇಕು ಅಂತಾರೆ, ಮಷಿನ್ ಇಲ್ಲ: ಆನ್‌ಲೈನಲ್ಲಿ ಕಳಿಸಿದವರು ಸ್ವಲ್ಪ ಹೇಳಿ

ಕೇಳಿದ್ದು
ಅಮ್ಮನ ವಿಮೆ ಕ್ಲೈಮಿಗೆ ಸಹಿ ಮಾಡಿದ ನಾಲ್ಕು ಪುಟ ಕಳಿಸಬೇಕು. ಇಮೇಲ್ ನಡೆಯಲ್ಲವಂತೆ, ಫ್ಯಾಕ್ಸೇ ಆಗಬೇಕಂತೆ. ಅವರ ಉತ್ತರವೂ ಫ್ಯಾಕ್ಸಿನಲ್ಲೇ ಬರುತ್ತದಂತೆ. ಮನೆಯಲ್ಲಿ ಮಷಿನ್ನೂ ಇಲ್ಲ, ಲ್ಯಾಂಡ್‌ಲೈನೂ ಇಲ್ಲ. ಪುಕ್ಕಟೆಯಾಗಿಯೋ ಕಡಿಮೆ ಖರ್ಚಿನಲ್ಲೋ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1
ಕಳಿಸುವುದು ಬೇರೆ, ತರಿಸಿಕೊಳ್ಳುವುದು ಬೇರೆ ಅಂತ ಮೊದಲು ಇಟ್ಟುಕೊಳ್ಳಿ. ಕಳಿಸಲು ಪುಕ್ಕಟೆ ದಾರಿ ಇದೆ. ತರಿಸಿಕೊಳ್ಳಲು ನಿಮ್ಮ ಹೆಸರಿಗೆ ಒಂದು ನಂಬರು ಬೇಕು. ಆ ನಂಬರು ಇಟ್ಟುಕೊಳ್ಳಲು ಕಂಪನಿಗೂ ತಿಂಗಳು ತಿಂಗಳು ಖರ್ಚಿರುತ್ತದೆ, ಹಾಗಾಗಿ ಅದು ಪುಕ್ಕಟೆ ಸಿಗುವುದು ಅಪರೂಪ.

ನೀವು ಕಳಿಸಬೇಕಾದ ನಂಬರು ಅಮೆರಿಕ ಅಥವಾ ಕೆನಡಾದ್ದಾಗಿದ್ದರೆ ಫ್ಯಾಕ್ಸ್‌ಝೀರೋ ಅಥವಾ ಗಾಟ್‌ಫ್ರೀಫ್ಯಾಕ್ಸ್ ಸಾಕು. ಬ್ರೌಸರಿನಲ್ಲೇ ಪಿಡಿಎಫ್ ಅಪ್‌ಲೋಡ್ ಮಾಡಿ, ನಂಬರು ಮತ್ತು ನಿಮ್ಮ ಇಮೇಲ್ ಕೊಟ್ಟರೆ ಆಯಿತು. ಎರಡರಲ್ಲೂ ಒಂದು ಸಲಕ್ಕೆ ಮೂರು ಪುಟ ಪುಕ್ಕಟೆ, ದಿನಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಫ್ಯಾಕ್ಸ್‌ಝೀರೋ ಕವರ್ ಪೇಜಿನ ಮೇಲೆ, ಅಂದರೆ ಯಾರಿಂದ ಯಾರಿಗೆ ಅಂತ ಬರೆದು ಮೊದಲು ಹೋಗುವ ಹಾಳೆಯ ಮೇಲೆ, ತನ್ನ ಜಾಹೀರಾತು ಹಾಕುತ್ತದೆ.

ನಿಮ್ಮದು ನಾಲ್ಕು ಪುಟ. ಎರಡು ಸಲ ಒಡೆದು ಕಳಿಸಬಹುದಲ್ಲ ಅಂತ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಒಂದು ಕಚೇರಿಗೆ ಹಾಗೇ ಕಳಿಸಿದೆ. ಮೊದಲ ಕಂತು ನನ್ನ ಫೈಲಿಗೆ ಸೇರಿತು, ಎರಡನೆಯದು ಯಾವುದಕ್ಕೂ ಸೇರದೆ ಎಲ್ಲೋ ಉಳಿಯಿತು. ಮೂರು ವಾರ ಆದಮೇಲೆ "ನಿಮ್ಮ ಅರ್ಜಿ ಅಪೂರ್ಣ" ಅಂತ ಪತ್ರ ಬಂತು. ಒಡೆಯಲೇಬೇಕಾದರೆ ಪ್ರತಿ ಪುಟದ ನೆತ್ತಿಯ ಮೇಲೆ ಕ್ಲೈಮ್ ನಂಬರು, ಅಮ್ಮನ ಹೆಸರು, "ಪುಟ 1/4" ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಇಂಥ ಕೆಲಸಕ್ಕೆ ಅದೇ ತಾಣಗಳಲ್ಲಿ ಒಂದು ಸಲದ ಶುಲ್ಕ ಕೊಟ್ಟು ನಾಲ್ಕನ್ನೂ ಒಟ್ಟಿಗೆ ಕಳಿಸುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಸ್ಕ್ಯಾನ್. ಬಹಳ ಜನ ಎಡವುವುದು ಇಲ್ಲೇ. ಸಾಮಾನ್ಯ ಫ್ಯಾಕ್ಸಿನಲ್ಲಿ ಒಂದು ಗೆರೆಗೆ 1728 ಚುಕ್ಕೆ. ಒಂದೊಂದು ಚುಕ್ಕೆಯೂ ಕಪ್ಪು, ಇಲ್ಲವೇ ಬಿಳಿ. ನಡುವೆ ಬೂದು ಬಣ್ಣ ಅಂತ ಏನೂ ಇಲ್ಲ. ನಾನು ಮೊದಲ ಸಲ ಮೊಬೈಲಲ್ಲಿ ಫೋಟೋ ಹೊಡೆದು ಹಾಗೇ ಕಳಿಸಿದ್ದೆ. ಕಾಗದದ ಬಲಮೂಲೆಯಲ್ಲಿ ನನ್ನ ಕೈಯ ತೆಳು ನೆರಳು ಬಿದ್ದಿತ್ತು, ಪರದೆಯ ಮೇಲೆ ಗಮನಕ್ಕೇ ಬಂದಿರಲಿಲ್ಲ. ಅತ್ತ ಕಡೆ ಅದು ಮಸಿ ಚೆಲ್ಲಿದ ಹಾಗೆ ಬಂದು ದಿನಾಂಕವನ್ನೇ ನುಂಗಿಬಿಟ್ಟಿತ್ತು. ಸ್ಕ್ಯಾನ್ ಆ್ಯಪಿನಲ್ಲಿ ಕಪ್ಪು-ಬಿಳುಪು ಆರಿಸಿ, ಹಿನ್ನೆಲೆ ಪೂರ್ತಿ ಬೆಳ್ಳಗಾಗಿದೆಯಾ ಅಂತ ದೊಡ್ಡದು ಮಾಡಿ ನೋಡಿ. ಸಹಿ ಕಪ್ಪು ಪೆನ್ನಿನಲ್ಲೇ ಇರಲಿ, ತಿಳಿನೀಲಿ ಎಷ್ಟೋ ಸಲ ಮಾಯವಾಗುತ್ತದೆ. "ಫೈನ್" ಆಯ್ಕೆ ಇದ್ದರೆ ಒತ್ತಿ: ಮಾಮೂಲಿ ಫ್ಯಾಕ್ಸಿನಲ್ಲಿ ಇಂಚಿಗೆ ಸುಮಾರು 98 ಗೆರೆ, ಫೈನ್‌ನಲ್ಲಿ 196. ಸಣ್ಣಕ್ಷರದ ಫಾರಂ ಓದಲು ಬರುತ್ತದೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಉತ್ತರ 2
ತರಿಸಿಕೊಳ್ಳುವುದರ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಾನು ಕೈ ಸುಟ್ಟುಕೊಂಡಿದ್ದು ಅಲ್ಲಿ. ಕಾರ್ಡ್ ಕೊಟ್ಟು ಏಳು ದಿನದ ಟ್ರಯಲ್ ತಗೊಂಡೆ, ನಂಬರು ಸಿಕ್ಕಿತು, ಫ್ಯಾಕ್ಸ್ ಬಂದರೆ ಮೇಲ್‌ಗೆ ಪಿಡಿಎಫ್ ಆಗಿ ಬೀಳುತ್ತಿತ್ತು, ಚೆನ್ನಾಗೇ ಇತ್ತು. ನಾನು ಕಾಯುತ್ತಿದ್ದ ಉತ್ತರ ಮಾತ್ರ ಹತ್ತನೇ ದಿನಕ್ಕೆ ಬಂತು. ಅಷ್ಟರಲ್ಲಿ ಟ್ರಯಲ್ ಮುಗಿದು ಪೂರ್ತಿ ವರ್ಷದ ದುಡ್ಡು ಕಾರ್ಡಿನಿಂದ ಕಟ್ಟಾಗಿತ್ತು.

ಈಗ ಮಾಡುವುದೇನೆಂದರೆ, ತಿಂಗಳ ಲೆಕ್ಕದ ಪ್ಲಾನ್ ತಗೊಂಡು, ಕೆಲಸ ಮುಗಿದ ದಿನವೇ ರದ್ದು ಮಾಡುವುದು. ಆದರೆ ರದ್ದು ಮಾಡುವ ಮೊದಲು ಬಂದದ್ದನ್ನೆಲ್ಲ ಇಳಿಸಿಕೊಳ್ಳಿ, ಆ ನಂಬರು ಇನ್ನು ನಿಮ್ಮದಲ್ಲ ಅಂತ ವಿಮೆಯವರಿಗೆ ತಿಳಿಸಿ. ನೀವು ಬಿಟ್ಟ ನಂಬರು ಮುಂದೆ ಇನ್ನೊಬ್ಬರ ಪಾಲಾಗಬಹುದು. ಆಮೇಲೆ ಅಮ್ಮನ ಕಾಗದ ಅವರಿಗೆ ಹೋಗುತ್ತದೆ.

ಉತ್ತರ 3
ಕ್ಲೈಮ್ ಅಂದಮೇಲೆ ಆಸ್ಪತ್ರೆಯ ವರದಿಯೂ ಇರಬೇಕು. ಪುಕ್ಕಟೆ ತಾಣಕ್ಕೆ ಏರಿಸಿದ ಪುಟ ಮೊದಲು ಅವರ ಸರ್ವರಿನಲ್ಲಿ ಕೂರುತ್ತದೆ, ಎಷ್ಟು ದಿನ ಅಂತ ಅವರ ಗೋಪ್ಯತಾ ನೀತಿಯಲ್ಲಿ ಓದಿಕೊಳ್ಳಿ. ಮಾಮೂಲಿ ಅರ್ಜಿಯಾದರೆ ನಾನು ಯೋಚಿಸುವುದಿಲ್ಲ. ಕಾಯಿಲೆಯ ವಿವರ, ಗುರುತಿನ ಚೀಟಿ, ಬ್ಯಾಂಕ್ ಖಾತೆ ಇದ್ದರೆ ಪುಕ್ಕಟೆಯದಕ್ಕೆ ಹಾಕುವುದಿಲ್ಲ. ಕಳಿಸಿದ ಮೇಲೆ ಅಳಿಸಲು ಅವಕಾಶ ಕೊಡುವ ಖಾತೆ ತೆರೆಯುತ್ತೇನೆ. ನಂಬರನ್ನಂತೂ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಒಂದಂಕಿ ತಪ್ಪಿದರೆ ಅದು ಯಾರದೋ ಟ್ರೇಗೆ ಹೋಗಿ ಬೀಳುತ್ತದೆ, ವಾಪಸ್ ತರಿಸಲು ಆಗುವುದಿಲ್ಲ.

ಉತ್ತರ 4
ಇಂಟರ್ನೆಟ್ ಫೋನಿಗೆ ಹಳೇ ಫ್ಯಾಕ್ಸ್ ಮಷಿನ್ ಸಿಕ್ಕಿಸಲು ನೋಡುವವರಿಗೆ: ಮಾತಿಗಾಗಿ ಧ್ವನಿಯನ್ನು ಕುಗ್ಗಿಸುವ ಲೈನಿನಲ್ಲಿ ಫ್ಯಾಕ್ಸಿನ ಕೀಂಗುಟ್ಟುವ ಸದ್ದು ಕೆಟ್ಟುಹೋಗಿ ಅರ್ಧಕ್ಕೇ ಕಡಿಯುತ್ತದೆ. ಮಷಿನ್ನನ್ನು ಇಂಟರ್ನೆಟ್ಟಿಗೆ ಜೋಡಿಸುವ ಅಡಾಪ್ಟರಿನಲ್ಲಿ ಟಿ.38 (ಇಂಟರ್ನೆಟ್ ಮೇಲೆ ಫ್ಯಾಕ್ಸ್ ಸಾಗಿಸಲೆಂದೇ ಇರುವ ವಿಧಾನ) ಇದ್ದರೆ ಹಚ್ಚಿ, ಇಲ್ಲದಿದ್ದರೆ ಜಿ.711 (ಧ್ವನಿಯನ್ನು ಅಷ್ಟಾಗಿ ಕುಗ್ಗಿಸದ ವಿಧಾನ) ಇಡಿ, ಮಷಿನ್ನಿನ ವೇಗ ಸೆಕೆಂಡಿಗೆ 9600 ಬಿಟ್‌ಗೆ ಇಳಿಸಿ. ನಮ್ಮಲ್ಲಿ ಕಡಿಯುವುದು ನಿಂತದ್ದು ಅದರಿಂದಲೇ.

ಕೇಳಿದವರಿಂದ
ಎಲ್ಲರಿಗೂ ಧನ್ಯವಾದ. ವರದಿ ಇದ್ದುದರಿಂದ ದುಡ್ಡು ಕೊಟ್ಟೇ ನಾಲ್ಕೂ ಪುಟ ಒಟ್ಟಿಗೆ ಕಳಿಸಿದೆ. "ತಲುಪಿದೆ" ಅಂತ ಮೇಲ್ ಬಂತು. ಆದರೂ ಫೋನ್ ಮಾಡಿ, ಒಂದೊಂದೇ ಪುಟ ಓದಲು ಬರುತ್ತಿದೆಯಾ ಅಂತ ಕೇಳಿದೆ. ಮೂರನೇ ಪುಟದಲ್ಲಿ ಅಮ್ಮನ ಸಹಿ ಕಾಣುತ್ತಿಲ್ಲ ಅಂದರು, ನೀಲಿ ಪೆನ್ನಿನದು. ಕಪ್ಪು ಪೆನ್ನಿನಲ್ಲಿ ಮತ್ತೆ ಸಹಿ ಹಾಕಿಸಿ ಆ ಪುಟ ಕಳಿಸಿದೆ, ಈಗ ಸರಿ ಇದೆಯಂತೆ. ಅದೇ ಕರೆಯಲ್ಲಿ ಕೇಳಿದ್ದಕ್ಕೆ, ಉತ್ತರ ಅಂಚೆಯಲ್ಲೂ ಕಳಿಸುತ್ತಾರಂತೆ. ನಂಬರು ತಗೊಳ್ಳುವ ಪ್ರಮೇಯವೇ ಬರಲಿಲ್ಲ.