ನೈಟ್ ಡ್ಯೂಟಿ ಇಳಿದ ದಿನ ಫಾಸ್ಟಿಂಗ್ ಶುಗರ್ ಯಾಕ ಏರ್ತದ?

ಸ್ಟೇರಿಂಗ್ ಕಾಕಾ, ಹುಬ್ಬಳ್ಳಿ:
ಹುಬ್ಬಳ್ಳಿ–ಬೆಂಗಳೂರು ರಾತ್ರಿ ಬಸ್ ಓಡಸ್ತೀನ್ರಿ. ವಯಸ್ಸು 47, ಟೈಪ್ 2 ಶುಗರ್ ಕಾಯಿಲೆ ಐತಿ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಗುಳಿಗಿ ಎರಡೂ ತಗೋತೀನಿ. ವಾರದ ರಜಾದಾಗ ಮನ್ಯಾಗ ಮಲಗಿ ಎದ್ದು ಚುಚ್ಚಿ ನೋಡಿದ್ರ 125ರ ಆಜೂಬಾಜು. ಬೆಂಗಳೂರಾಗ ಬಸ್ ಇಳಿದು ನೋಡಿದ್ರ 170 ದಾಟಿರ್ತದ. ರಾತ್ರಿ ಊಟ ಎರಡೂ ದಿನ ಒಂದ ನಮೂನಿ: ಎರಡು ಜ್ವಾಳದ ರೊಟ್ಟಿ, ಪುಂಡಿಪಲ್ಯ. ಚಹಾಕ್ಕೂ ಸಕ್ರಿ ಇಲ್ಲ. ಮನಿಯವ್ರು "ಧಾಬಾದಾಗ ಕದ್ದು ತಿಂತೀರಿ" ಅಂತಾರ. ಹೊಟ್ಟಿಗೆ ಬೀಳದ ಶುಗರ್ ಎಲ್ಲಿಂದ ಬರ್ತೈತ್ರಿ?

ವಾರ್ಡ್ ಸಿಸ್ಟರ್, ಮೈಸೂರು:
ಲಿವರ್‌ನಿಂದ ಬರುತ್ತೆ ಕಾಕಾ. ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನು ಏರಿದಾಗ ಲಿವರ್ ಕೂಡಿಟ್ಟ ಗ್ಲೂಕೋಸನ್ನ ರಕ್ತಕ್ಕೆ ಬಿಡುತ್ತೆ. ಶುಗರ್ ಇರೋರಿಗೆ ಅದನ್ನ ಅಡಗಿಸೋಷ್ಟು ಇನ್ಸುಲಿನ್ ಸಾಲಲ್ಲ. ನಿದ್ದೆಗೆಟ್ಟರೆ ಇರೋ ಇನ್ಸುಲಿನ್ನೂ ಸರಿಯಾಗಿ ಕೆಲಸ ಮಾಡಲ್ಲ. ಷಿಕಾಗೋ ವಿಶ್ವವಿದ್ಯಾಲಯದವರು ಶುಗರ್ ಇಲ್ಲದ 11 ಹುಡುಗರನ್ನ ಆರು ರಾತ್ರಿ ಬರೀ 4 ಗಂಟೆ ಮಲಗಿಸಿ ನೋಡಿದ್ರು (1999ರಲ್ಲಿ ಪ್ರಕಟವಾಯ್ತು), ಅಂಥವರಲ್ಲೇ ಗ್ಲೂಕೋಸ್ ಇಳಿಯೋದು ನಿಧಾನ ಆಗಿತ್ತು.
ಒಂದು ಕೇಳ್ತೀನಿ: ಆ ಚಹಾ ಹಾಲಿಂದಾ? ಎಷ್ಟು ಹೊತ್ತಿಗೆ? ಫಾಸ್ಟಿಂಗ್ ಅಂದ್ರೆ 8 ಗಂಟೆ ನೀರು ಬಿಟ್ಟು ಬೇರೇನೂ ಇರಬಾರದು.

ಮೆಂತ್ಯ ಪ್ರಿಯ:
ರಾತ್ರಿ ನೆನೆಸಿದ ಮೆಂತ್ಯದ ನೀರು ಕುಡೀರಿ, ಎಲ್ಲ ಸರಿಹೋಗುತ್ತೆ.

ಮಂಡ್ಯದ ಮಗ:
ಮೆಂತ್ಯ ಆಮೇಲಿರ್ಲಿ ಬುಡಿ. ಅಣ್ಣ, ಗೊರಕೆ ಹೊಡೀತೀರಾ? ನಮ್ಮಪ್ಪಂಗೆ ನಿದ್ದೇಲಿ ಉಸಿರು ನಿಂತು ನಿಂತು ಬರ್ತಿತ್ತು. ಹಗಲೆಲ್ಲ ತೂಕಡಿಕೆ, ಬೆಳಿಗ್ಗೆ ಶುಗರ್ ಏರಿರೋದು. ಡಾಕ್ಟ್ರು ನಿದ್ದೆ ಪರೀಕ್ಷೆ ಮಾಡ್ಸಿ ಸ್ಲೀಪ್ ಅಪ್ನಿಯಾ ಅಂದ್ರು. ಡ್ರೈವರ್ ಕೆಲಸದೋರು ಇದನ್ನ ಬುಡಬಾರ್ದು.

ಸ್ಟೇರಿಂಗ್ ಕಾಕಾ:
ಚಹಾ ಹಾಲಿಂದರೀ, ಹಿರಿಯೂರ ಹತ್ರ ರಾತ್ರಿ ಎರಡೂವರಿಗೆ. ಹಂಗಾರ ಆ 170 ಖಾಲಿ ಹೊಟ್ಟಿದ ಅಲ್ಲ! ಗೊರಕಿ ಸುದ್ದಿ ಕೇಳಬ್ಯಾಡ್ರಿ, ರೆಸ್ಟ್ ರೂಮಿನ್ಯಾಗ ನಮ್ಮ ಕಂಡಕ್ಟರ್ ನನ್ನಿಂದ ದೂರದ ಮಂಚ ಹಿಡೀತಾನ. ಸಿಸ್ಟರ್, ರಾತ್ರಿ ಗುಳಿಗಿ ಒಂದು ಜಾಸ್ತಿ ತಗೊಂಡ್ರ ಹೆಂಗ?

ವಾರ್ಡ್ ಸಿಸ್ಟರ್, ಮೈಸೂರು:
ಬೇಡವೇ ಬೇಡ. ಗ್ಲಿಮಿಪಿರೈಡ್ ಜಾಸ್ತಿಯಾಗಿ ಶುಗರ್ 70ಕ್ಕಿಂತ ಕೆಳಗಿಳಿದ್ರೆ ಕೈ ನಡುಗುತ್ತೆ, ಬೆವರುತ್ತೆ, ಕಣ್ಣು ಮಂಜಾಗುತ್ತೆ. ಸ್ಟೇರಿಂಗ್ ಹಿಡಿದಿರೋವಾಗ 170ಕ್ಕಿಂತ ಅದೇ ಅಪಾಯ. ಜೇಬಲ್ಲಿ ಗ್ಲೂಕೋಸ್ ಪುಡಿ ಇರಲಿ. ಚಹಾ ಬಿಟ್ಟ ಒಂದು ಡ್ಯೂಟಿ ದಿನ, ಒಂದು ರಜೆ ದಿನ, ಎರಡರ ರೀಡಿಂಗೂ ಮಲಗಿ ಎದ್ದ ಹೊತ್ತಿನ ಜೊತೆ ಬರೆದು ಡಾಕ್ಟರಿಗೆ ತೋರಿಸಿ, ಗೊರಕೆ ವಿಷಯನೂ ಹೇಳಿ. ಗುಳಿಗೆ ಹೊತ್ತು ಬದಲಿಸೋದು ಅವರೇ ಹೇಳಲಿ.