34 ವಾರ 5 ದಿನಕ್ಕೆ ಹುಟ್ಟಿದ ಮಗು, ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತೆ. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ಭದ್ರಾನಾಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೆಣ್ಣು ಮಗು, 34 ವಾರ 5 ದಿನಕ್ಕೆ ನಾರ್ಮಲ್ ಹೆರಿಗೆ. ಹುಟ್ಟಿದಾಗ 2.1 ಕೆಜಿ, ಡಿಸ್ಚಾರ್ಜ್ ದಿನ 1.95 ಕೆಜಿ. ಆಕ್ಸಿಜನ್ ಬೇಕಾಗಲಿಲ್ಲ, ಕಾಮಾಲೆಗೆ ಎರಡು ದಿನ ನೀಲಿ ಲೈಟಿನ ಕೆಳಗೆ ಇಟ್ಟಿದ್ದರು. ಇವತ್ತಿಗೆ ಎಂಟನೇ ದಿನ. ಬಾಣಂತನ ದಾವಣಗೆರೆ ಹತ್ತಿರದ ಹಳ್ಳಿಯಲ್ಲಿ, ಹೆಂಡತಿಯ ತವರಲ್ಲಿ.

ಎದೆಗೆ ಹಾಕಿದರೆ ಎರಡು ಮೂರು ನಿಮಿಷ ಚೀಪಿ ಮಲಗಿಬಿಡುತ್ತೆ. ಅಳೋದೂ ಕಡಿಮೆ. ರಾತ್ರಿ ನಾಲ್ಕೈದು ಗಂಟೆ ಒಂದೇ ಸಮ ಮಲಗುತ್ತೆ. "ಪಾಪು ಸಾಧು ಇದೆ, ಎಬ್ಬಿಸಬೇಡಿ" ಅಂತಾರೆ ಮನೆಯವರು. ಇನ್ನು ದಿನಾ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡಬೇಕು ಅಂತ ಅತ್ತೆಯವರ ಆಸೆ. ಬೇಡ ಅನ್ನೋಣವಾ? ಮುಖ ಇನ್ನೂ ಸ್ವಲ್ಪ ಹಳದಿ ಇದೆ, ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕಾ? ತಿಳಿದವರು ವಿವರವಾಗಿ ಹೇಳಿ.

ಶಿಶುವಾರ್ಡ್ ಸಿಸ್ಟರ್

ಮೊದಲು ರಾತ್ರಿಯ ನಿದ್ದೆ. ಇವತ್ತಿನಿಂದಲೇ ಎಬ್ಬಿಸಿ. 34ರಿಂದ 36 ವಾರದೊಳಗೆ ಹುಟ್ಟಿದ ಮಕ್ಕಳು ನೋಡೋಕೆ ದಿನ ತುಂಬಿದ ಮಗುವಿನ ಹಾಗೇ ಇರುತ್ತವೆ, ಆದರೆ ಹಸಿವಾದರೆ ಅತ್ತು ಕೇಳುವಷ್ಟು ಶಕ್ತಿ ಅವಕ್ಕೆ ಬಂದಿರೋದಿಲ್ಲ. ಅಳಲಿಲ್ಲ ಅಂದರೆ ಹೊಟ್ಟೆ ತುಂಬಿದೆ ಅಂತ ಅರ್ಥ ಅಲ್ಲ. ಹಾಗಾಗಿ ಗಡಿಯಾರ ನೋಡಿಯೇ ಹಾಲು ಕೊಡಬೇಕು: ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮೂರು ಗಂಟೆ ದಾಟಲೇಬಾರದು.

ಎಷ್ಟು ಹಾಲು ಬೇಕು ಅನ್ನೋದಕ್ಕೆ ಒಂದು ಅಂದಾಜು: ಈ ವಯಸ್ಸಿಗೆ ದಿನಕ್ಕೆ ಪ್ರತಿ ಕೆಜಿಗೆ ಸುಮಾರು 150 ಎಂಎಲ್. ಹುಟ್ಟುತೂಕ ವಾಪಸ್ ಬರುವವರೆಗೆ ಹುಟ್ಟುತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. 2.1 ಕೆಜಿಗೆ 315 ಎಂಎಲ್, ಹನ್ನೆರಡು ಸಲಕ್ಕೆ ಹಂಚಿದರೆ ಸಲಕ್ಕೆ 26 ಎಂಎಲ್ ಹತ್ತಿರ. ಎರಡು ನಿಮಿಷ ಚೀಪಿದರೆ ಇಷ್ಟು ಹೋಗಿರೋದಿಲ್ಲ.

ಎಬ್ಬಿಸೋಕೆ ಬಟ್ಟೆ ಬಿಚ್ಚಿ ಡೈಪರ್ ಬದಲಿಸಿ, ಅಂಗಾಲು, ಬೆನ್ನು ಮೆಲ್ಲಗೆ ತಿಕ್ಕಿ. ಮುಖಕ್ಕೆ ತಣ್ಣೀರು ಚಿಮುಕಿಸಬೇಡಿ. ಎದೆಗೆ ಹಾಕುವಾಗ ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಬಲ ಮೊಲೆ ಕೊಡುವಾಗ ಎಡಗೈಯಲ್ಲಿ ಮಗುವಿನ ಕತ್ತು, ಭುಜ ಹಿಡಿದರೆ ತಲೆ ಆಡೋದಿಲ್ಲ. ಮೊಲೆತೊಟ್ಟು ಮಾತ್ರ ಅಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಕೆನ್ನೆ ಗುಳಿ ಬಿದ್ದು 'ಟಕ್ ಟಕ್' ಸದ್ದು ಬಂದರೆ ಹಿಡಿತ ಸರಿಯಿಲ್ಲ, ಬಿಡಿಸಿ ಮತ್ತೆ ಹಾಕಿ. ಚೀಪೋದು ನಿಂತಾಗ ಮೊಲೆಯನ್ನು ಮೆಲ್ಲಗೆ ಅದುಮಿದರೆ ಹಾಲು ಬಾಯಿಗೆ ಬಂದು ಮತ್ತೆ ಶುರು ಮಾಡುತ್ತೆ.

ಎದೆಯಲ್ಲಿ 20 ನಿಮಿಷ ಸಾಕು. ಆಮೇಲೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ಕೊಡಿ. ಎಲ್ಲ ಸೇರಿ 40 ನಿಮಿಷ ಮೀರಿದರೆ ಮಗು ದಣಿದುಬಿಡುತ್ತೆ. ಒಳಲೆ ಕೊಡುವಾಗ ಮಗುವನ್ನು ಮಲಗಿಸಬೇಡಿ, ತಲೆ ಎತ್ತರಿಸಿ ಅರ್ಧ ಕೂರಿಸಿ. ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಒಂದು ಪಕ್ಕಕ್ಕೆ ಇಟ್ಟು ಸ್ವಲ್ಪ ಸ್ವಲ್ಪ ಬಿಡಿ, ನುಂಗಿದ ಮೇಲೆ ಮುಂದಿನದು. ಗಂಟಲಿಗೆ ಸುರಿಯೋದು, ಮೂಗು ಹಿಡಿದು ಕುಡಿಸೋದು ಬೇಡವೇ ಬೇಡ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಕೆಮ್ಮಿದರೆ, ತುಟಿ ನೀಲಿಯಾದರೆ ತಕ್ಷಣ ನಿಲ್ಲಿಸಿ. ಒಳಲೆಯನ್ನು ಪ್ರತಿ ಸಲ ಸೋಪಿನಲ್ಲಿ ತೊಳೆದು, ನೀರಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ.

ಹಾಲು ಹಿಂಡೋದು ದಿನಕ್ಕೆ ಎಂಟು ಸಲ, ಅದರಲ್ಲಿ ಒಂದಾದರೂ ನಡುರಾತ್ರಿ. ಮಗು ಎದೆ ಖಾಲಿ ಮಾಡುತ್ತಿಲ್ಲ, ಹಿಂಡದಿದ್ದರೆ ಎರಡು ವಾರದಲ್ಲಿ ಹಾಲೇ ಕಡಿಮೆಯಾಗುತ್ತೆ. "ಅವಳಿಗೆ ಹಾಲಿಲ್ಲ" ಅಂತ ಬಾಣಂತಿಯ ಮೇಲೆ ಹೇರೋದು ಹೆಚ್ಚಾಗಿ ಹೀಗೇ ಶುರುವಾಗೋದು. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ (ಬಾಗಿಲಲ್ಲಿ ಅಲ್ಲ) 24 ಗಂಟೆ ಇಡಬಹುದು. ಒಲೆ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ.

ಸಾಕಾಗುತ್ತಿದೆಯಾ ಅಂತ ತಿಳಿಯೋಕೆ: 24 ಗಂಟೆಯಲ್ಲಿ ಆರರಿಂದ ಎಂಟು ಸಲ ಮೂತ್ರ, ತಿಳಿ ಬಣ್ಣದ್ದು. ಹುಟ್ಟುತೂಕ ಸುಮಾರು ಎರಡು ವಾರಕ್ಕೆ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ವಾರಕ್ಕೆರಡು ಸಲ, ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ, ಹಾಲಿಗೆ ಮುಂಚೆ ತೂಗಿ. ನಿಮ್ಮ ಮಗು ಇಳಿದಿರೋದು ಹುಟ್ಟುತೂಕದ ಶೇ. 7ರಷ್ಟು. ಸದ್ಯಕ್ಕೆ ಮಿತಿಯೊಳಗಿದೆ, ಇನ್ನು ಇಳಿಯಬಾರದು.

ಮಡಿಲು

ಸಿಸ್ಟರ್ ಹೇಳಿದ್ದಕ್ಕೆ ಬೆಚ್ಚಗಿಡೋದನ್ನು ಸೇರಿಸುತ್ತೇನೆ, ಯಾಕೆಂದರೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಮೈ ಬಿಸಿ ಕಾಯುವ ಕೊಬ್ಬು ಕೂಡೋದು ಬಸಿರಿನ ಕೊನೆಯ ವಾರಗಳಲ್ಲಿ. ಈ ಮಗುವಿಗೆ ಆ ವಾರಗಳೇ ಸಿಕ್ಕಿಲ್ಲ. ಮೈ ತಣ್ಣಗಾದರೆ ಇರುವ ಸಕ್ಕರೆಯನ್ನು ಉರಿಸಿಕೊಂಡು ಬಿಸಿಯಾಗೋಕೆ ನೋಡುತ್ತೆ, ಸಕ್ಕರೆ ಇಳಿದರೆ ಮಂಪರು, ಮಂಪರಿನಲ್ಲಿ ಹಾಲು ಕುಡಿಯೋದಿಲ್ಲ, ಹಾಲಿಲ್ಲದೆ ಇನ್ನಷ್ಟು ತಣ್ಣಗಾಗುತ್ತೆ.

ಕೈಯ ಹಿಂಭಾಗದಿಂದ ಹೊಟ್ಟೆ, ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗೆ, ಪಾದ ತಣ್ಣಗೆ ಇದ್ದರೆ ಈಗಲೇ ಎದೆಗೊರಗಿಸಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೊರಗಿಸಿಕೊಂಡೇ ಆಸ್ಪತ್ರೆಗೆ ಹೊರಡಿ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಕಾಂಗರೂ ಆರೈಕೆ, ಅಂದರೆ ಮಗುವಿನ ಮೈ ದೊಡ್ಡವರ ಬರಿ ಎದೆಗೆ ತಾಗುವ ಹಾಗೆ ಇಟ್ಟುಕೊಳ್ಳೋದು. ಇದು ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಶುರುವಾದದ್ದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದು ಅಧ್ಯಯನ ಮಾಡಿದ್ದಾರೆ. ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಮಗುವಿಗೆ ಬೇರೆ ಬಟ್ಟೆ ಬೇಡ. ಎರಡು ಮೊಲೆಗಳ ನಡುವೆ ನೆಟ್ಟಗೆ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಮಗುವಿನ ಗದ್ದ ಅದರ ಎದೆಗೇ ಒತ್ತದ ಹಾಗೆ, ಕಾಲು ಕಪ್ಪೆಯ ಹಾಗೆ ಮಡಿಸಿ ಇಡಿ. ಮೇಲೆ ಮೆತ್ತನೆ ಹತ್ತಿ ಸೀರೆ ಬಿಗಿಯಾಗಿ ಕಟ್ಟಿ. ಮಗುವಿನ ಮೂಗು, ಬಾಯಿ ಸದಾ ಕಾಣುತ್ತಿರಬೇಕು. ಸಲಕ್ಕೆ ಒಂದು ಗಂಟೆಗೆ ಕಡಿಮೆ ಬೇಡ, ದಿನಕ್ಕೆ ಎಂಟು ಗಂಟೆ ಆದಷ್ಟೂ ದಾಟಿಸಿ. ನೀವೂ ಹಾಕಿಕೊಳ್ಳಿ ಸರ್, ಅಜ್ಜಿಯೂ ಹಾಕಿಕೊಳ್ಳಲಿ. ಅಷ್ಟು ಹೊತ್ತು ಬಾಣಂತಿ ನಿದ್ದೆ ಮಾಡಲಿ.

ಸ್ನಾನದ ವಿಷಯಕ್ಕೆ ಅತ್ತೆಯವರಿಗೆ ಬರೀ "ಬೇಡ" ಅನ್ನಬೇಡಿ. ಮಗು ಎರಡೂವರೆ ಕೆಜಿ ಆಗಲಿ, ಆಮೇಲೆ ನೀರು ಹಾಕೋಣ ಅನ್ನಿ. ಅಲ್ಲಿಯವರೆಗೆ ಗಾಳಿ ಬೀಸದ ಕೋಣೆಯಲ್ಲಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ, ತಲೆ ಮೊದಲು ಒಣಗಿಸಿ, ಐದು ನಿಮಿಷದಲ್ಲಿ ಮುಗಿಸಿ. ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಮೆಲ್ಲಗೆ ಸವರಬಹುದು. ಕೈಕಾಲು ಎಳೆಯೋದು, ಮೂಗು ಕಿವಿಗೆ ಎಣ್ಣೆ ಬಿಡೋದು ಬೇಡ. ಸಾಂಬ್ರಾಣಿ ಹೊಗೆ ಎಳೆ ಶ್ವಾಸನಾಳವನ್ನು ಕೆರಳಿಸುತ್ತೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್‌ನಿಂದ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಬಜೆ ತೇದು ನೆಕ್ಕಿಸೋದು, ಜೇನುತುಪ್ಪ, ಗ್ರೈಪ್ ವಾಟರ್ ಯಾವುದೂ ಬೇಡ. ಮಲಗಿಸುವಾಗ ಅಂಗಾತ, ಸಾಸಿವೆ ದಿಂಬೂ ಇಲ್ಲದೆ.

ಭದ್ರಾನಾಲೆ

ಅನಂತ ಧನ್ಯವಾದ. ಕಾಮಾಲೆ ಬಗ್ಗೆಯೂ ಯಾರಾದರೂ ಹೇಳಿ. ತೂಕ ಕಡಿಮೆ ಇರೋದರಿಂದ ಲಸಿಕೆ ಮುಂದೆ ಹಾಕಬೇಕಾ? ಕಣ್ಣಿನ ಪರೀಕ್ಷೆ ಅಂತ ಬೇರೆ ಕೇಳಿದ್ದೇನೆ.

ಎಳೆಬಿಸಿಲು

ಬಿಸಿಲು ಚಿಕಿತ್ಸೆಯಲ್ಲ. ಬಟ್ಟೆ ಬಿಚ್ಚಿ ಹೊರಗೆ ಹಿಡಿದರೆ ಇಷ್ಟು ಚಿಕ್ಕ ಮಗು ತಣ್ಣಗಾಗುತ್ತೆ, ಮನೆಯವರು ಚಿಕಿತ್ಸೆ ನಡೆಯುತ್ತಿದೆ ಅಂದುಕೊಂಡು ರಕ್ತಪರೀಕ್ಷೆ ಮುಂದೂಡುತ್ತಾರೆ. ಲೈಟ್ ನಿಲ್ಲಿಸಿದ ಮೇಲೆ ಬಿಲಿರುಬಿನ್ (ಮೈ ಹಳದಿ ಮಾಡುವ, ರಕ್ತದಲ್ಲಿರುವ ವಸ್ತು) ಮತ್ತೆ ಏರಬಹುದು. ಹಾಲು ಕಡಿಮೆ ಹೋದರೆ ಮಲ ಕಡಿಮೆ, ಮಲದಲ್ಲಿ ಹೋಗಬೇಕಾದ ಹಳದಿ ವಾಪಸ್ ರಕ್ತಕ್ಕೇ ಸೇರುತ್ತೆ. ನಿಮ್ಮ ಮಗು ಎಂಟನೇ ದಿನಕ್ಕೂ ಹಳದಿ, ಹಾಲೂ ಸಾಲದು, ಅದಕ್ಕೇ ಇವತ್ತೇ ಒಮ್ಮೆ ತೋರಿಸಿ, ತೂಕವೂ ಆಗುತ್ತೆ. ಅಂಗೈ ಅಂಗಾಲು ಹಳದಿಯಾದರೆ ರಾತ್ರಿಯಾದರೂ ಕಾಯಬೇಡಿ. ಮಲ ಬಿಳಚಿಕೊಂಡು ಸುಣ್ಣದ ಹಾಗಾದರೆ, ಅಥವಾ ಹಳದಿ ಮೂರು ವಾರ ದಾಟಿದರೆ ಲಿವರ್, ಪಿತ್ತನಾಳದ ಪರೀಕ್ಷೆ ಬೇಕು.

ಲಸಿಕೆಗೆ ಹುಟ್ಟಿದ ದಿನಾಂಕವೇ ಲೆಕ್ಕ: 6, 10, 14 ವಾರ. ಬೆಳವಣಿಗೆಗೆ ಮಾತ್ರ ಎರಡು ವರ್ಷದವರೆಗೆ ಮುಂಚೆ ಹುಟ್ಟಿದ ವಾರಗಳನ್ನು ಕಳೆಯಿರಿ. ಬೇರೆ ಮಕ್ಕಳು ಆರರಿಂದ ಎಂಟು ವಾರಕ್ಕೆ ನಕ್ಕರೆ ಈ ಮಗು ಹನ್ನೊಂದರಿಂದ ಹದಿಮೂರಕ್ಕೆ ನಗಬಹುದು.

ಕಣ್ಣಿನ ರೆಟಿನಾ ಪರೀಕ್ಷೆ ನಮ್ಮ ದೇಶದಲ್ಲಿ 34 ವಾರದೊಳಗೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಹುಟ್ಟುತೂಕದ ಮಕ್ಕಳಿಗೆ, ಮೊದಲ ಸಲ 30 ದಿನದೊಳಗೆ. 34ರಿಂದ 36 ವಾರದ ಮಕ್ಕಳಿಗೆ ಆಕ್ಸಿಜನ್, ಸೋಂಕಿನಂಥ ತೊಂದರೆ ಇದ್ದರೆ. ನಿಮ್ಮದು ಗೆರೆಯ ಈಚೆಗಿದೆ, ಆದರೂ ಡಿಸ್ಚಾರ್ಜ್ ಕಾರ್ಡ್ ತೋರಿಸಿ ಒಂದು ಮಾತು ಕೇಳಿ. ಕಿವಿಯ ಪರೀಕ್ಷೆ ಮಾತ್ರ ಎಲ್ಲ ಮಕ್ಕಳಿಗೂ, ಒಂದು ತಿಂಗಳೊಳಗೆ. ವಿಟಮಿನ್ ಡಿ ದಿನಕ್ಕೆ 400 ಐಯು. ಡ್ರಾಪ್ಸ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 400 ಇದೆಯೋ 800 ಇದೆಯೋ ಓದಿ, ಬ್ರ್ಯಾಂಡ್ ಬದಲಾದಾಗ ತಪ್ಪು ಆಗೋದು ಅಲ್ಲೇ. ಕಬ್ಬಿಣದ ಡ್ರಾಪ್ಸ್ ಯಾವಾಗ, ಎಷ್ಟು ಅಂತ ಮಕ್ಕಳ ಡಾಕ್ಟರ್ ತೂಕ ನೋಡಿ ಬರೆಯುತ್ತಾರೆ.

ಆಶಾ ಕಿರಣ

ಒಂದು ವಿಷಯ ಬಿಟ್ಟುಹೋಗಿದೆ. ತಾಯಿ ಕಾರ್ಡ್ ಗಂಡನ ಊರಿನಲ್ಲಿ ಆಗಿದ್ದರೆ ತವರೂರಿನ ಆಶಾ ಕಾರ್ಯಕರ್ತೆಗೆ ಈ ಮಗು ಬಂದಿರೋದೇ ಗೊತ್ತಿರೋದಿಲ್ಲ. ನೀವೇ ಕರೆದು ಕಾರ್ಡ್ ತೋರಿಸಿ. 14, 21, 28, 42ನೇ ದಿನದ ಮನೆಭೇಟಿ ಇನ್ನೂ ಬಾಕಿ ಇದೆ, ತೂಕ, ಜ್ವರ ಅಲ್ಲೇ ನೋಡುತ್ತಾರೆ.

ಹಾಲು ಪೂರ್ತಿ ಬಿಟ್ಟರೆ, ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರಾಟ ಇದ್ದರೆ (ಮಗು ಅಳದಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ), ಪಕ್ಕೆ ಒಳಗೆ ಸೆಳೆದರೆ, ಉಸಿರು ನಿಂತು ನಿಂತು ಬಂದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗೆ ಕಾಯಿಲೆಯ ಮಗುವಿಗೆ ಚಿಕಿತ್ಸೆ, ಹೋಗಿಬರುವ ವಾಹನ ಎರಡೂ ಉಚಿತ. ಗಾಡಿಯಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಡಬೇಡಿ, ತಾಯಿಯ ಎದೆಗೇ ಕಟ್ಟಿಕೊಂಡು ಹೋಗಿ.